ಇದು ಯಾವ ವರ್ಷದ ಮೆಸೇಜು?

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಸಾಗರದ ಕಡೆಯ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಬಂದೇ ಬರುತ್ತದೆ. ಅರಲಗೋಡಿನಲ್ಲಿ ಮಂಗನ ಕಾಯಿಲೆ, ಕೂಡಲೇ ಲಸಿಕೆ ಹಾಕಿಸಿಕೊಳ್ಳಿ, ಎಲ್ಲರಿಗೂ ಕಳಿಸಿ. ಕಳಿಸಿದವರು ಅತ್ತೆ. ಅತ್ತೆಗೆ ಕಳಿಸಿದವರು ಯಾರೋ.

ಇದು ಸುಳ್ಳಾ? ಹುಟ್ಟಿದಾಗ ಸುಳ್ಳಾಗಿರಲಿಲ್ಲ. 2019ರ ಆರಂಭದಲ್ಲಿ ಅರಲಗೋಡು ಸುತ್ತಮುತ್ತ ಕಾಯಿಲೆ ಜೋರಾಗಿತ್ತು, ಸಾವುಗಳೂ ಆದವು. ಆಗ ಲಸಿಕೆ ಇತ್ತು. ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು ಆಮೇಲೆ ಕೊಡುವುದನ್ನೇ ನಿಲ್ಲಿಸಿದರು. ಮೆಸೇಜು ಮಾತ್ರ ನಿಲ್ಲಲಿಲ್ಲ. ಅನ್ನ ಹಳಸಿದರೆ ವಾಸನೆ ಬರುತ್ತದೆ. ಮೆಸೇಜು ಹಳಸಿದರೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಫಾರ್ವರ್ಡ್ ಮಾಡಿದಾಗಲೆಲ್ಲ ಅದರ ಕೆಳಗೆ ಬೀಳುವುದು ಇವತ್ತಿನ ಗಂಟೆ, ಮೇಲೆ ಕಾಣುವುದು ಅತ್ತೆಯ ಹೆಸರು. ಅತ್ತೆಯನ್ನು ಅನುಮಾನಿಸುವುದು ಹೇಗೆ?

ಅದೇ ಮಾತು ಮಾವನಿಂದಲೂ, ಶಾಲೆಯ ಗೆಳೆಯನಿಂದಲೂ ಬಂದರೆ ಮೂರು ಸಾಕ್ಷಿ ಸಿಕ್ಕ ಹಾಗೆ ಅನಿಸುತ್ತದೆ. ಮೂಲ ಒಂದೇ ಇರಬಹುದು. ಮತ್ತೆ ಮತ್ತೆ ಕೇಳಿದ್ದು ನಿಜ ಅನ್ನಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಆಗ ಮೊಬೈಲ್ ಎಲ್ಲಿತ್ತು!

ಇಂಥ ಮೆಸೇಜು ಹರಡಲು ಇನ್ನೊಂದು ಕಾರಣ ಹೊಸತನ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1.26 ಲಕ್ಷ ಸುದ್ದಿಗಳ ಜಾಡು ಹಿಡಿದರು. ನಿಜಕ್ಕಿಂತ ಸುಳ್ಳನ್ನು ಜನ ಮುಂದೆ ಕಳಿಸುವ ಸಾಧ್ಯತೆ ಶೇ. 70ರಷ್ಟು ಜಾಸ್ತಿ ಇತ್ತು. ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ.

ಮಂಗನ ಕಾಯಿಲೆಯ ನಿಜದಲ್ಲಿ ಅಂಥ ಅಚ್ಚರಿ ಏನಿದೆ ಹೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ವೈರಸ್ ಇದು. ಹರಡುವುದು ಉಣುಗಿನಿಂದ, ಅದರಲ್ಲೂ ಸಾಸಿವೆ ಕಾಳಿನಷ್ಟೂ ಇರದ ಮರಿಗಳಿಂದ. ಚಳಿಗಾಲದಿಂದ ಬೇಸಿಗೆವರೆಗೆ ಅವು ತರಗೆಲೆಯಲ್ಲಿ ತುಂಬಿರುತ್ತವೆ. ಸೊಪ್ಪು ತರಲು ಹೋಗುವಾಗ ಮೈಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿ, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಸತ್ತ ಮಂಗ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಶಾ ಕಾರ್ಯಕರ್ತೆ ಪ್ರತಿ ವರ್ಷ ಹೇಳುವುದು ಇದನ್ನೇ. ಇದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ? ‘ರೋಗಿ ಇರುವ ಮನೆ ಕಡೆ ಹೋಗಬೇಡಿ’ ಅಂದರೆ ನೋಡಿ, ಅರ್ಧ ಗಂಟೆಯಲ್ಲಿ ಊರು ಸುತ್ತುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡುವುದಿಲ್ಲ. ಆದರೆ ಆ ಮನೆಯವರ ಅಂಗಳಕ್ಕೆ ಆಳು ಬರುವುದಿಲ್ಲ, ಅಡಿಕೆ ಹಾಗೇ ಉಳಿಯುತ್ತದೆ.

ವಾಟ್ಸಾಪ್ ಕಂಪನಿ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂದು ಮಿತಿ ಹಾಕಿತು. ತುಂಬಾ ಸಲ ಕೈ ಬದಲಾಯಿಸಿದ ಮೆಸೇಜಿನ ಗುರುತು ಜೋಡಿ ಬಾಣ; ಅಂಥದ್ದಕ್ಕೆ 2020ರಿಂದ ಒಮ್ಮೆಗೆ ಒಂದೇ ಕಡೆ. ನಮ್ಮ ಅತ್ತೆ ಆ ಬಾಣವನ್ನು ‘ಅರ್ಜೆಂಟ್’ ಅಂತ ಓದಿಕೊಂಡಿದ್ದರು.

ಹೋದ ಸಲ ಊರಿಗೆ ಹೋದಾಗ ಲಸಿಕೆಯ ಕಥೆ ಬಿಡಿಸಿ ಹೇಳಿದೆ. ‘ಹೆದರಿಸಬೇಕು ಅಂತ ಕಳಿಸಿದ್ದಲ್ಲ ಮಾರಾಯ, ಮಕ್ಕಳು ಹುಷಾರಾಗಿರಲಿ ಅಂತ’ ಎಂದರು. ಅದು ನನಗೂ ಗೊತ್ತು. ಮೊನ್ನೆ ಗುಂಪಿಗೆ ಯಾರೋ ಡೆಂಗಿಯ ಮೆಸೇಜು ಹಾಕಿದರು. ಕೆಳಗೆ ಅತ್ತೆಯ ವಾಯ್ಸ್ ಮೆಸೇಜ್, ಹಿಂದೆ ಕೊಟ್ಟಿಗೆಯ ದನದ ಕೂಗು: ‘ಇದು ಯಾವ ವರ್ಷದ್ದೋ?’