ಮರೆಯಾಗಿದ್ದ ವಿಂಡೋವನ್ನು ಮತ್ತೆ ಬಿಡಿಸುವವರು ಯಾರು?

ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂತು. ಗ್ರಾಫಿಕಲ್ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಉಡುಪಿಯ ನಮ್ಮ ಬಿಸಿಎ ಗುಂಪಿನವರೆಲ್ಲ ಒಂದೇ ಜಾಗದಲ್ಲಿ ನಿಂತುಬಿಟ್ಟಿದ್ದೇವೆ. ಅರ್ಥವಾದದ್ದು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಇತಿಹಾಸ

ಅಮೆರಿಕದ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸ್ ತೋರಿಸಿದ್ದು 1968. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನ ಆಲ್ಟೊ ಕಂಪ್ಯೂಟರ್ 1973, ಆಪಲ್ ಲೀಸಾ 1983, ಮ್ಯಾಕಿಂಟಾಷ್ 1984, ವಿಂಡೋಸ್ 1.0 1985. ಈ 1.0ರಲ್ಲಿ ವಿಂಡೋಗಳು ಪಕ್ಕಪಕ್ಕ ಮಾತ್ರ ಕೂರುತ್ತಿದ್ದವು. ಒಂದರ ಮೇಲೊಂದು ಬರತೊಡಗಿದ್ದು 1987ರ 2.0ರಲ್ಲಿ. ಈ ಕೊನೆಯ ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ. ಇಡೀ ಪಾಠದ ಕೀಲಿ ಅಲ್ಲೇ ಇದೆ.

ಸಿಕ್ಕು ಇರುವುದು ಇಲ್ಲಿ

'ಅ' ವಿಂಡೋದ ಅರ್ಧ ಭಾಗವನ್ನು 'ಬ' ಮುಚ್ಚಿದೆ. 'ಬ'ವನ್ನು ಮೌಸ್‌ನಿಂದ ಆಚೆ ಎಳೆದಿರಿ, ಕೆಳಗಿದ್ದ 'ಅ' ಪೂರ್ತಿ ಕಂಡಿತು. ಮುಚ್ಚಿಹೋಗಿದ್ದ ಆ ಅರ್ಧದ ಚಿತ್ರ ಎಲ್ಲಿಂದ ಬಂತು?

ಸಿಸ್ಟಮ್ ಅದನ್ನು ಎಲ್ಲೋ ತೆಗೆದಿಟ್ಟಿರುತ್ತದೆ ಎಂದೇ ಯಾರಿಗೂ ಮೊದಲು ಅನಿಸುತ್ತದೆ. ಹಳೆಯ ಸಿಸ್ಟಮ್‌ಗಳಲ್ಲಿ ಹಾಗಿಲ್ಲ. ಲೆಕ್ಕ ಹಾಕಿ ನೋಡಿ. ಮೊದಲ ಮ್ಯಾಕಿಂಟಾಷ್‌ನ ಪರದೆ 512×342 ಚುಕ್ಕಿ (ಪಿಕ್ಸೆಲ್), ಚುಕ್ಕಿಗೊಂದು ಬಿಟ್. ಎಂಟರಿಂದ ಭಾಗಿಸಿದರೆ 21,888 ಬೈಟ್. ಯಂತ್ರದ ಒಟ್ಟು ಮೆಮೊರಿ 128 ಕೆಬಿ. ಅಂದರೆ ಪರದೆಯೊಂದಕ್ಕೇ ಹೆಚ್ಚುಕಡಿಮೆ ಆರನೇ ಒಂದು ಪಾಲು ಹೋಯಿತು. ಪ್ರತಿ ವಿಂಡೋಕ್ಕೂ ಒಂದೊಂದು ನಕಲು ಇಡುತ್ತಾ ಹೋದರೆ ಪ್ರೋಗ್ರಾಮ್‌ಗೆ ಜಾಗ ಎಲ್ಲಿ?

ಹಾಗಾಗಿ ಸಿಸ್ಟಮ್ ಚಿತ್ರವನ್ನು ನೆನಪಿಡುವುದಿಲ್ಲ, ಯಾವ ಜಾಗ ಹಾಳಾಗಿದೆ, ಅಂದರೆ ಮತ್ತೆ ಬಿಡಿಸಬೇಕಿದೆ, ಎಂಬುದನ್ನಷ್ಟೇ ನೆನಪಿಡುತ್ತದೆ. 'ನಿನ್ನ ಇಷ್ಟು ಭಾಗ ಈಗ ತೆರೆದಿದೆ, ಮತ್ತೆ ಬಿಡಿಸು' ಎಂದು 'ಅ' ಪ್ರೋಗ್ರಾಮ್‌ಗೆ ಹೇಳುತ್ತದೆ. ಅಲ್ಲಿದ್ದದ್ದು ಪತ್ರವೋ ಲೆಕ್ಕದ ಪಟ್ಟಿಯೋ ಸಿಸ್ಟಮ್‌ಗೆ ಗೊತ್ತಿಲ್ಲ. ಗೊತ್ತಿರುವುದು 'ಅ'ಗೆ ಮಾತ್ರ.

ಹಾಳಾದ ಜಾಗ ಯಾವಾಗಲೂ ಚೌಕವಾಗಿರುವುದಿಲ್ಲ ಎಂಬುದನ್ನೂ ಗಮನಿಸಿ. 'ಬ'ವನ್ನು ಓರೆಯಾಗಿ ತುಸು ಸರಿಸಿದರೆ ತೆರೆದುಕೊಳ್ಳುವುದು ಎಲ್ ಆಕಾರ. ಇಂಥ ಅಂಕುಡೊಂಕು ಆಕಾರಗಳನ್ನು ಕಡಿಮೆ ಜಾಗದಲ್ಲಿ ಹಿಡಿದಿಟ್ಟು, ಬೇಗ ಕೂಡಿ ಕಳೆಯುವ ದಾರಿಯನ್ನು ಆಪಲ್‌ನ ಬಿಲ್ ಅಟ್ಕಿನ್ಸನ್ ಮ್ಯಾಕ್‌ನ ಚಿತ್ರ ಬಿಡಿಸುವ ಭಾಗವಾದ ಕ್ವಿಕ್‌ಡ್ರಾನಲ್ಲಿ ಕಂಡುಕೊಂಡರು. ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ.

ವಿಂಡೋಸ್‌ನಲ್ಲಿ 'ಮತ್ತೆ ಬಿಡಿಸು' ಎಂಬ ಆ ಮೆಸೇಜ್‌ನ ಹೆಸರು ಡಬ್ಲ್ಯೂಎಂ ಪೇಂಟ್. ಇದರಲ್ಲಿ ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಿ. ಪ್ರೋಗ್ರಾಮ್‌ಗೆ ಬರುವ ಮೆಸೇಜ್‌ಗಳ ಸರತಿಯಲ್ಲಿ ಕೀಬೋರ್ಡ್, ಮೌಸ್ ಇತ್ಯಾದಿ ಮೆಸೇಜ್‌ಗಳು ಮುಗಿದ ಮೇಲೆಯೇ ಇದರ ಪಾಳಿ. ಅಷ್ಟರೊಳಗೆ ಹತ್ತು ಕಡೆ ಹಾಳಾಗಿದ್ದರೂ ಎಲ್ಲ ಸೇರಿ ಒಂದೇ ಪೇಂಟ್ ಬರುತ್ತದೆ. ಇನ್ನೊಂದು, ಪೇಂಟ್ ಬಂದಾಗ ಬಿಡಿಸುವ ಮೊದಲು ಕರೆಯಬೇಕಾದ ಬಿಗಿನ್‌ಪೇಂಟ್ ಫಂಕ್ಷನ್ ಕರೆದಾಗಲೇ 'ಆ ಜಾಗ ಸರಿಯಾಯಿತು' ಎಂದು ಸಿಸ್ಟಮ್ ಗುರುತು ಹಾಕಿಕೊಳ್ಳುತ್ತದೆ. ಅದನ್ನು ಕರೆಯದೆ ನೀವೇ ಬಿಡಿಸಿ ಸುಮ್ಮನಾದರೆ ಜಾಗ ಹಾಳಾಗಿದೆ ಎಂದೇ ಲೆಕ್ಕ. ಪೇಂಟ್ ಮತ್ತೆ ಬರುತ್ತದೆ, ಮತ್ತೆ ಬರುತ್ತದೆ, ನಿಲ್ಲುವುದೇ ಇಲ್ಲ. ಪ್ರೋಗ್ರಾಮ್ ಏನೂ ಮಾಡದೆ ಕೂತಿರುವಾಗಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಏರಿಯೇ ಇದ್ದರೆ ಮೊದಲು ಇದನ್ನೇ ಹುಡುಕಿ.

ಪ್ರೋಗ್ರಾಮ್ ಓಗೊಡದಿದ್ದರೆ?

ವಿಂಡೋಸ್ 3.1ರ ವ್ಯವಸ್ಥೆ ನಮ್ಮ ಕಡೆಯ ತಾಳಮದ್ದಳೆಯಂತೆ: ಅರ್ಥಧಾರಿ ಮಾತು ಮುಗಿಸಿ ಬಿಟ್ಟುಕೊಟ್ಟರೆ ಮಾತ್ರ ಭಾಗವತರು ಮುಂದಿನ ಪದ ಎತ್ತುತ್ತಾರೆ. ಒಂದು ಪ್ರೋಗ್ರಾಮ್ ಬಿಟ್ಟುಕೊಡದಿದ್ದರೆ ಉಳಿದವೂ ನಿಂತವು. ಇದು ಕೋಆಪರೇಟಿವ್ ಮಲ್ಟಿಟಾಸ್ಕಿಂಗ್. ಮ್ಯಾಕ್ ಓಎಸ್ 9ರವರೆಗೂ ಆಪಲ್‌ನಲ್ಲಿ ಇದೇ ನಡೆಯಿತು. 1993ರ ವಿಂಡೋಸ್ ಎನ್‌ಟಿಯಲ್ಲಿ, 32 ಬಿಟ್ ಪ್ರೋಗ್ರಾಮ್‌ಗಳ ಮಟ್ಟಿಗೆ ವಿಂಡೋಸ್ 95ರಲ್ಲೂ, ಸಮಯ ಹಂಚುವ ಅಧಿಕಾರ ಸಿಸ್ಟಮ್‌ನ ಕೈಗೆ ಬಂತು. ಅದು ಪ್ರಿಎಂಪ್ಟಿವ್.

ಆದರೆ ಬಿಡಿಸುವ ಕೆಲಸ ಮಾತ್ರ ಆಗಲೂ ಆಯಾ ಪ್ರೋಗ್ರಾಮ್‌ನದ್ದೇ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಎಲ್ಲಾದರೂ ಸಿಕ್ಕರೆ, ರಥಬೀದಿ ಹತ್ತಿರದ ಜೆರಾಕ್ಸ್ ಅಂಗಡಿಯೊಂದರಲ್ಲಿ ನಮಗೆ ಸಿಕ್ಕ ಹಾಗೆ, ಹ್ಯಾಂಗ್ ಆದ ವಿಂಡೋದ ಮೇಲೆ ಇನ್ನೊಂದನ್ನು ಎಳೆದಾಡಿ. ಎಳೆದ ದಾರಿಯುದ್ದಕ್ಕೂ ಅದರ ಅಚ್ಚು ಉಳಿಯುತ್ತದೆ. ಅದು ವೈರಸ್ ಅಲ್ಲ ಮಾರಾಯ್ರೇ. ಕೆಳಗಿನ ಪ್ರೋಗ್ರಾಮ್ ಪೇಂಟ್‌ಗೆ ಓಗೊಡುತ್ತಿಲ್ಲ, ಅಳಿಸುವವರು ಬೇರೆ ಯಾರೂ ಇಲ್ಲ, ಅಷ್ಟೇ.

ಲ್ಯಾಬ್‌ನಲ್ಲಿ ಯಾಕೆ ಹಾಗೆ ಕಾಣುವುದಿಲ್ಲ?

ನೋಟ್ಸ್‌ನಲ್ಲಿರುವುದು ಹಳೆಯ ವಿವರ, ಲ್ಯಾಬ್‌ನಲ್ಲಿರುವುದು ವಿಂಡೋಸ್ 10. ನಡುವೆ ಕಾಂಪೊಸಿಟರ್ ಬಂದಿದೆ: ಮ್ಯಾಕ್‌ನಲ್ಲಿ 2001ರ ಓಎಸ್ ಎಕ್ಸ್‌ನಿಂದ, ವಿಂಡೋಸ್‌ನಲ್ಲಿ ವಿಸ್ತಾದಿಂದ. ಈಗ ಪ್ರತಿ ವಿಂಡೋ ಪರದೆಯ ಆಚೆ ತನ್ನದೇ ಬಫರ್‌ನಲ್ಲಿ, ಅಂದರೆ ತನಗೆಂದೇ ಮೀಸಲಾದ ಮೆಮೊರಿ ಜಾಗದಲ್ಲಿ, ಬಿಡಿಸಿಕೊಳ್ಳುತ್ತದೆ, ಎಲ್ಲವನ್ನೂ ಜೋಡಿಸಿ ತೋರಿಸುವುದು ಕಾಂಪೊಸಿಟರ್. 1920×1080ರ ಪೂರ್ಣ ವಿಂಡೋಕ್ಕೆ, ಚುಕ್ಕಿಗೆ ನಾಲ್ಕು ಬೈಟ್‌ನಂತೆ, 82,94,400 ಬೈಟ್ ಬೇಕು. 1984ರಲ್ಲಿ ಕನಸಿನಲ್ಲೂ ಆಗದ್ದು, ಇಂದಿನ ಮೆಮೊರಿಗೆ ಯಾವ ಲೆಕ್ಕಕ್ಕೂ ಇಲ್ಲ. ಹಾಗಾಗಿ 'ಬ'ವನ್ನು ಸರಿಸಿದಾಗ 'ಅ'ಗೆ ಹೇಳಿ ಕಳುಹಿಸುವ ಅಗತ್ಯವೇ ಬರುವುದಿಲ್ಲ.

ಅಂದರೆ ಪೇಂಟ್ ಬೇಡವಾಯಿತೇ? ಇಲ್ಲ. ಬಟನ್ ಒತ್ತಿದಾಗ, ಪೇಂಟ್‌ಗೆ ಕಾಯದೆ ನೇರವಾಗಿ ಬಿಡಿಸಲು ಬಿಡುವ ಗೆಟ್‌ಡಿಸಿ ಫಂಕ್ಷನ್‌ನಿಂದ ಒಂದು ವೃತ್ತ ಬಿಡಿಸಿ. ಮೇಲೆ ಬೇರೆ ವಿಂಡೋ ತಂದು ಸರಿಸಿದರೂ ಅದು ಉಳಿಯುತ್ತದೆ. ಮಿನಿಮೈಸ್ ಮಾಡಿ ಮತ್ತೆ ತೆರೆಯಿರಿ, ವೃತ್ತ ಮಾಯ. ಆದ್ದರಿಂದ ಬಟನ್ ಕೋಡ್‌ನಲ್ಲಿ ವೃತ್ತದ ಕೇಂದ್ರವನ್ನೂ ತ್ರಿಜ್ಯವನ್ನೂ ವೇರಿಯಬಲ್‌ನಲ್ಲಿ ಬರೆದಿಟ್ಟು, 'ಈ ಜಾಗ ಹಾಳಾಗಿದೆ' ಎಂದು ಸಿಸ್ಟಮ್‌ಗೆ ತಿಳಿಸುವ ಇನ್‌ವ್ಯಾಲಿಡೇಟ್‌ರೆಕ್ಟ್ ಕರೆಯಿರಿ. ಬಿಡಿಸುವ ಸಾಲುಗಳೆಲ್ಲ ಪೇಂಟ್ ಒಳಗೇ ಇರಲಿ.