ಗಂಡ-ಹೆಂಡಿರ ನಡುವೆ ಮುಯ್ಯಿ ಪುಸ್ತಕ ಇರುತ್ತದೆಯೇ?

ಗಂಗಾವತಿಯ ಕಲ್ಯಾಣ ಮಂಟಪಗಳಲ್ಲಿ ಒಂದು ಮೂಲೆಗೆ ಟೇಬಲ್ ಹಾಕಿರುತ್ತಾರೆ. ಅಕ್ಷರ ದುಂಡಗಿರುವ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನೆ. ಯಾರು, ಯಾವ ಊರು, ಎಷ್ಟು ಮುಯ್ಯಿ ಮಾಡಿದರು, ಎಲ್ಲ ಬರೆದುಕೊಳ್ಳುತ್ತಾನೆ. ನಾಳೆ ಅವರ ಮನೆ ಮದುವೆಗೆ ಹೋಗುವ ಮುಂಚೆ ಆ ಪುಸ್ತಕ ತೆಗೆದು ನೋಡುತ್ತಾರೆ. ಅದಕ್ಕಿಂತ ಕಡಿಮೆ ಆಗದ ಹಾಗೆ ಕೊಟ್ಟು ಬರುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಬಂಧು-ಬಳಗ ಉಳಿಯುವುದೇ ಹೀಗೆ. ಆದರೆ ಅದೇ ಮಂಟಪದಲ್ಲಿ ತಲೆ ಮೇಲೆ ಅಕ್ಷತೆ ಬೀಳಿಸಿಕೊಂಡ ಆ ಇಬ್ಬರ ನಡುವೆ ಮಾತ್ರ ಇಂಥ ಲೆಕ್ಕ ಇರಬಾರದು ಅಂತ ನಾವೆಲ್ಲ ಬಯಸುತ್ತೇವೆ. ಅವರದು ಷರತ್ತಿಲ್ಲದ ಪ್ರೀತಿ ಆಗಿರಲಿ ಅಂತ. ಅದು ಸಾಧ್ಯವೇ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಕ್ಲಾರ್ಕ್ ಇದನ್ನು ಪೆನ್ನಿನ ಬಣ್ಣದಿಂದ ಪರೀಕ್ಷಿಸಿದರು. ಅವರ 1984ರ ಪ್ರಯೋಗ ನನಗೆ ಬಹಳ ಇಷ್ಟ. ಹಾಳೆ ತುಂಬ ಅಂಕಿಗಳು. ಅದರಲ್ಲಿ ಅಡಗಿರುವ ಕೆಲವು ಸಾಲುಗಳನ್ನು ಇಬ್ಬರು ಒಬ್ಬರಾದ ಮೇಲೆ ಒಬ್ಬರು ಹುಡುಕಿ ಗುರುತು ಹಾಕಬೇಕು. ಸಿಕ್ಕ ಸಾಲಿಗೆಲ್ಲ ದುಡ್ಡುಂಟು, ಅದು ಇಬ್ಬರಿಗೂ ಸೇರಿ. ಮೊದಲನೆಯವರು ಒಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಈಗ ಎರಡನೆಯವರ ಸರದಿ. ಅದೇ ಬಣ್ಣ ಎತ್ತಿಕೊಂಡರೆ ಯಾರು ಎಷ್ಟು ಹುಡುಕಿದರು ಅಂತ ಆಮೇಲೆ ಗೊತ್ತಾಗುವುದಿಲ್ಲ. ಬೇರೆ ಬಣ್ಣ ಎತ್ತಿಕೊಂಡರೆ ಗೊತ್ತಾಗುತ್ತದೆ. ಅಪರಿಚಿತರ ಜೊತೆ ಕೂತವರಲ್ಲಿ ಹೆಚ್ಚಿನವರು ಬೇರೆ ಬಣ್ಣವನ್ನೇ ಎತ್ತಿಕೊಂಡರು. ಗೆಳೆಯರ ಜೊತೆ ಕೂತವರಲ್ಲಿ ಹಾಗೆ ಮಾಡಿದವರು ಕಡಿಮೆ.

ಲೆಕ್ಕ ಇಡಬೇಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹತ್ತಿರದವರು ಅನ್ನಿಸಿದರೆ ಲೆಕ್ಕ ತಾನೇ ಹಿಂದೆ ಸರಿಯುತ್ತದೆ. ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾನೆ, ಹೆಂಡತಿ ಊರಲ್ಲಿ ಹೊಲ, ಮಕ್ಕಳು, ವಯಸ್ಸಾದ ಅತ್ತೆ-ಮಾವನನ್ನು ನೋಡಿಕೊಳ್ಳುತ್ತಾಳೆ. ಯಾರದು ಜಾಸ್ತಿ? ಚೆನ್ನಾಗಿರುವ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 'ನಾನು ಇಷ್ಟು ಮಾಡಿದೆ, ನೀನೇನು ಮಾಡಿದೆ' ಎಂಬ ಮಾತು ಶುರುವಾದರೆ ಒಳಗೆ ಬೇರೇನೋ ಕೆಟ್ಟಿದೆ ಅಂತಲೇ ಲೆಕ್ಕ.

ಹಾಗಂತ ಏನನ್ನೂ ಬಯಸುವುದಿಲ್ಲ ಅಂತಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಹೊಸದಾಗಿ ಮದುವೆಯಾದ ಜೋಡಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ, ಆರು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಅವರು ಗಮನಿಸಿದ್ದು ತೀರಾ ಸಣ್ಣ ಸಂಗತಿಯನ್ನು. ಹೆಂಡತಿ ಅನ್ನುತ್ತಾಳೆ, "ರೀ, ಕಾಲುವಿಗೆ ನೀರು ಬಿಟ್ಟಾರಂತ." ಗಂಡ ತಲೆ ಎತ್ತಿ "ಹೌದೇನು? ಯಾವಾಗ?" ಅನ್ನಬಹುದು. ಮೊಬೈಲ್ ನೋಡುತ್ತಾ ಸುಮ್ನೆ ಕೂರಬಹುದು. ಅವಳಿಗೆ ಬೇಕಿದ್ದದ್ದು ತುಂಗಭದ್ರಾ ಎಡದಂಡೆ ಕಾಲುವೆಯ ಸುದ್ದಿಗೆ ಉತ್ತರ ಮಾತ್ರವೇ? ತನ್ನ ಮಾತು ಅವನ ಕಿವಿಗೆ ಬೀಳುತ್ತದೋ ಇಲ್ಲವೋ ಅನ್ನುವುದೂ ಬೇಕಿತ್ತು. ಆರು ವರ್ಷದ ನಂತರವೂ ಜೊತೆಗಿದ್ದವರು ಇಂಥ ಕರೆಗಳಲ್ಲಿ ಶೇ. 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟದ್ದು ಶೇ. 33ಕ್ಕೆ ಮಾತ್ರ. ಕೊಟ್ಟದ್ದು ವಾಪಸ್ ಬರಬೇಕು ಅನ್ನುವ ಷರತ್ತು ಇಲ್ಲದಿದ್ದರೂ, ನನ್ನ ಕಡೆ ಗಮನ ಇರಲಿ ಅನ್ನುವುದು ಇದ್ದೇ ಇರುತ್ತದೆ.

ನಿಜವಾಗಿ ಷರತ್ತಿಲ್ಲದ್ದು ನೋಡಬೇಕೆಂದರೆ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಬೇಕು. ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಬರುತ್ತದೆ. ದಾಸೋಹಕ್ಕೆ ಕೂತವರನ್ನು ನೀನ್ಯಾರು ಅಂತ ಯಾರೂ ಕೇಳುವುದಿಲ್ಲ. ಇಂಥ ಮನಸ್ಸನ್ನು ಕೆನಡಾದ ಮಾಂಟ್ರಿಯಲ್‌ನ ನರವಿಜ್ಞಾನಿ ಮಾರಿಯೋ ಬೋರೆಗಾರ್ ತಂಡ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿತು. ಬುದ್ಧಿಮಾಂದ್ಯರ ಆರೈಕೆ ಮಾಡುವ 17 ಜನರ ಮೆದುಳನ್ನು ಅವರು ಸ್ಕ್ಯಾನ್ ಮಾಡಿದ್ದರು. ಖುಷಿ ಕೊಡುವ ಮೆದುಳಿನ ಭಾಗಗಳು ಅಲ್ಲಿಯೂ ಚುರುಕಾಗಿದ್ದವು.

ಆದರೆ ದಾಸೋಹದ ಹಿರಿಮೆ ಇರುವುದೇ ಅದು ಎಲ್ಲರಿಗೂ ಅನ್ನುವುದರಲ್ಲಿ. ನಿಮ್ಮ ಸಂಗಾತಿ 'ಯಾರಾಗಿದ್ದರೂ ನಾನು ಹೀಗೇ ಪ್ರೀತಿಸುತ್ತಿದ್ದೆ' ಅಂದರೆ ನಿಮಗೆ ಸಂತೋಷ ಆಗುತ್ತದೆಯೇ? ನಿಮ್ಮ ನಗು, ನಿಮ್ಮ ಹಟ, ನಿಮ್ಮ ಕೈರುಚಿ, ಇವಕ್ಕೆ ಮನಸೋತಿದ್ದೇನೆ ಅನ್ನಬೇಕು ಅಲ್ವಾ? 'ನೀನೇ ಬೇಕು' ಅನ್ನುವುದೇ ದೊಡ್ಡ ಷರತ್ತು. ಅದನ್ನು ಕಳೆದುಬಿಟ್ಟರೆ ಉಳಿಯುವುದು ಕರುಣೆ. ಕರುಣೆ ದೊಡ್ಡದು, ಆದರೆ ಹೆಂಡತಿಗೋ ಗಂಡನಿಗೋ ಅದೊಂದೇ ಸಾಲದು.

ಇಷ್ಟಾದರೂ ಈ ಪ್ರೀತಿಯಲ್ಲಿ ಷರತ್ತು ಕೇಳದ ಒಂದು ಭಾಗ ಇದೆ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು ಪ್ರೇಮಿ ಕೈಬಿಟ್ಟು ಹೋದ 15 ಜನರ ಅಧ್ಯಯನವನ್ನು ಪ್ರಕಟಿಸಿದರು. ಬಿಟ್ಟು ಹೋದವರ ಫೋಟೊ ತೋರಿಸಿ ಸ್ಕ್ಯಾನ್ ಮಾಡಿದಾಗ, ಹೊಸದಾಗಿ ಪ್ರೀತಿಗೆ ಬಿದ್ದವರಲ್ಲಿ ಚುರುಕಾಗುವ ಡೋಪಮೈನ್ (ಬಯಕೆಗೆ ಸಂಬಂಧಿಸಿದ ಮೆದುಳಿನ ರಾಸಾಯನಿಕ) ಕೇಂದ್ರ ಇವರಲ್ಲಿಯೂ ಚುರುಕಾಗಿತ್ತು. ಕೊಕೇನ್ ಚಟದವರ ಹಂಬಲಕ್ಕೆ ಸಂಬಂಧಿಸಿದ ಭಾಗಗಳೂ ಎಚ್ಚೆತ್ತಿದ್ದವು. ಸಂಬಂಧ ಮುಗಿದಿದ್ದರೂ ಮೆದುಳು ಆ ಮುಖವನ್ನೇ ಹಂಬಲಿಸುತ್ತಿತ್ತು.

ನನಗೆ ಭಯ ಹುಟ್ಟಿಸುವುದು ಇದೇ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ "ಏನಾದರೂ ಅವನ ಮೇಲೆ ಜೀವ ಐತಿ" ಅನ್ನುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಮಾತು ಸುಳ್ಳಲ್ಲ. ಒಮ್ಮೆ ಬೆಸೆದ ಮೆದುಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಹಿರಿಯರು ಅದನ್ನೇ ಹಿಡಿದು "ಪ್ರೀತಿ ಅಂದ್ರೆ ತಡಕೋಬೇಕವ್ವ" ಅಂತ ವಾಪಸ್ ಕಳಿಸುತ್ತಾರಲ್ಲ, ಅದು ಅನ್ಯಾಯ. ಮನಸ್ಸು ಹಂಬಲಿಸುವುದು ಬೇರೆ, ಒಂದೇ ಸೂರಿನಡಿ ಬಾಳುವುದು ಬೇರೆ. ಬಾಳುವುದಕ್ಕೆ ಷರತ್ತು ಇರಲೇಬೇಕು. ಕೈ ಎತ್ತಬಾರದು ಅನ್ನುವುದು ಅದರಲ್ಲಿ ಮೊದಲನೆಯದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ರಕ್ಷಣೆಯನ್ನೂ ಕೊಡುತ್ತದೆ. ಮಹಿಳಾ ಸಹಾಯವಾಣಿಯ ನಂಬರ್ 181. ಫೋನ್ ಮಾಡುವ ಮುಂಚೆ ಅವನ ಮೇಲಿನ ಪ್ರೀತಿ ಬಿಟ್ಟಿರಬೇಕು ಅಂತೇನಿಲ್ಲ.