‘ವಲಸೆ ಜಾಸ್ತಿಯಾಯ್ತು’ ಎನ್ನುವ ಬ್ರಿಟಿಷ್ ಮತದಾರರು ನಿಜಕ್ಕೂ ಏನು ಹೇಳುತ್ತಿದ್ದಾರೆ?

ಮತದಾರರ ಅಭಿಪ್ರಾಯ ಸಂಗ್ರಹಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಓದಲು ಕೊಡುವುದು ಅಂಕಿ ಅಂಶಗಳನ್ನಲ್ಲ. 2010ರ ಏಪ್ರಿಲ್ 28ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಬೀದಿಯಲ್ಲಿ ನಡೆದ ಒಂದು ಮಾತುಕತೆಯನ್ನು.

ಚುನಾವಣೆಗೆ ಎಂಟೇ ದಿನ ಉಳಿದಿತ್ತು. ಪ್ರಧಾನಿ ಗಾರ್ಡನ್ ಬ್ರೌನ್ ಪ್ರಚಾರಕ್ಕೆ ಬಂದಿದ್ದರು. ಜೀವನಪೂರ್ತಿ ಬ್ರೌನ್ ಅವರ ಲೇಬರ್ ಪಕ್ಷಕ್ಕೇ ಓಟು ಹಾಕಿದ್ದ ಅಜ್ಜಿಯೊಬ್ಬರು ಅವರನ್ನು ಮಾತಿಗೆಳೆದರು. ದೇಶದ ಇಷ್ಟೊಂದು ಸಾಲ ತೀರಿಸುವುದು ಹೇಗೆ? ಮೊಮ್ಮಕ್ಕಳು ಯೂನಿವರ್ಸಿಟಿಗೆ ಹೋಗುವ ಹೊತ್ತಿಗೆ ಗತಿ ಏನು? ನಿಜಕ್ಕೂ ಕಷ್ಟದಲ್ಲಿರುವವರಿಗೆ ಸರ್ಕಾರದ ನೆರವು ಸಿಗುತ್ತಿಲ್ಲವಲ್ಲ? ಇದರ ನಡುವೆ ಇನ್ನೊಂದು ಮಾತೂ ಬಂತು. ವಲಸಿಗರ ಬಗ್ಗೆ ಏನೂ ಹೇಳುವ ಹಾಗಿಲ್ಲ, ಆದರೆ ಪೂರ್ವ ಯುರೋಪಿನಿಂದ ಬರುತ್ತಿರುವ ಇವರೆಲ್ಲ ಎಲ್ಲಿಂದ ಬರುತ್ತಿದ್ದಾರೆ ಎಂದು ಕೇಳಿದರು. ಯುರೋಪಿನಿಂದ ಹತ್ತು ಲಕ್ಷ ಜನ ಬಂದಿದ್ದಾರೆ, ನಮ್ಮವರೂ ಹತ್ತು ಲಕ್ಷ ಜನ ಅಲ್ಲಿಗೆ ಹೋಗಿದ್ದಾರೆ ಎಂದು ಬ್ರೌನ್ ಉತ್ತರಿಸಿದರು. ನಗುನಗುತ್ತಲೇ ಬೀಳ್ಕೊಟ್ಟು ಕಾರು ಹತ್ತಿದರು. ಅಂಗಿಗೆ ಸಿಕ್ಕಿಸಿದ್ದ ಟಿವಿ ಮೈಕು ಆನ್ ಆಗಿಯೇ ಇತ್ತು. ಆಕೆ ಪೂರ್ವಗ್ರಹದ ಹೆಂಗಸು ಎಂದು ಅವರು ಸಹಾಯಕರ ಹತ್ತಿರ ಹೇಳಿದ್ದು ದೇಶಕ್ಕೆಲ್ಲ ಕೇಳಿಸಿತು. ಆಮೇಲೆ ಆಕೆಯ ಮನೆಗೇ ಹೋಗಿ ಕ್ಷಮೆ ಕೇಳಬೇಕಾಯಿತು.

ಆ ಅಜ್ಜಿಯ ವಾಕ್ಯದ ಮೊದಲರ್ಧ ನೋಡಿ. ‘ಏನೂ ಹೇಳುವ ಹಾಗಿಲ್ಲ.’ ಬಾಯಿ ಬಿಟ್ಟರೆ ತನಗೊಂದು ಹಣೆಪಟ್ಟಿ ಅಂಟಿಸುತ್ತಾರೆ ಎಂಬ ಅಳುಕು ಅದರಲ್ಲಿದೆ. ಕೆಲವೇ ನಿಮಿಷಗಳಲ್ಲಿ ಪ್ರಧಾನಿಯೇ ಆ ಹಣೆಪಟ್ಟಿ ಅಂಟಿಸಿದರು. ವಲಸೆಯ ಚಿಂತೆ ಮತ್ತು ಆಳುವವರ ಮೇಲಿನ ಅಪನಂಬಿಕೆ ಬ್ರಿಟನ್ನಿನಲ್ಲಿ ಬೇರೆ ಬೇರೆ ವಿಷಯಗಳಲ್ಲ, ಎರಡೂ ಒಟ್ಟೊಟ್ಟಿಗೇ ಬರುತ್ತವೆ ಎಂದು ನಾನು ಹೇಳುವುದು ಇದಕ್ಕೇ.

ಅಪನಂಬಿಕೆಗೆ ಕಾರಣಗಳೂ ಇದ್ದವು. 2004ರ ಮೇ ತಿಂಗಳಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು. ಅಲ್ಲಿನವರು ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಎಂದು ಸರ್ಕಾರ ಬರೆಸಿದ್ದ ವರದಿ ಹೇಳಿತ್ತು. ಅವರು ಕೆಲಸಕ್ಕೆ ಬರಲು ಜರ್ಮನಿಯೂ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು. ಜರ್ಮನಿ ತೆರೆಯಲಿಲ್ಲ. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನದಿಂದಲೇ ತೆರೆದವು. 2011ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರೇ ಸುಮಾರು 5.8 ಲಕ್ಷ ಇದ್ದರು. ಇದರ ನಡುವೆ 2009ರಲ್ಲಿ ಸಂಸದರ ಖರ್ಚಿನ ಹಗರಣ ಬಯಲಾಯಿತು. ಬಾತುಕೋಳಿ ಮನೆಗೂ ಸರ್ಕಾರಕ್ಕೆ ಬಿಲ್ಲು ಕಳಿಸಿದ್ದ ಜನ ನಮಗೆ ನೀತಿ ಹೇಳುತ್ತಾರಾ ಎಂಬ ಸಿಟ್ಟು ಇನ್ನೂ ಆರಿರಲಿಲ್ಲ.

ಹಾಗೆಂದು ಎಲ್ಲರೂ ವಲಸಿಗರನ್ನು ದ್ವೇಷಿಸುತ್ತಾರೆ ಎಂದುಕೊಂಡರೆ ತಪ್ಪು. ನಮ್ಮ ಗುಂಪು ಚರ್ಚೆಗಳಲ್ಲಿ ಪದೇ ಪದೇ ಕಾಣುವ ಒಂದು ಸಂಗತಿ ಹೇಳುತ್ತೇನೆ. ‘ಎಲ್ಲ ನಿಲ್ಲಿಸಬೇಕು, ಸಾಕಾಯ್ತು’ ಎಂದು ಒಬ್ಬರು ಶುರು ಮಾಡುತ್ತಾರೆ. ವಯಸ್ಸಾದ ತಾಯಿಯನ್ನು ಕೇರ್ ಹೋಮಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ‘ಅಯ್ಯೋ, ಅವಳ ವಿಷಯ ಅಲ್ಲ, ಅವಳು ಚಿನ್ನದಂಥ ಹುಡುಗಿ’ ಎನ್ನುತ್ತಾರೆ, ತಾಯಿಯನ್ನು ನೋಡಿಕೊಳ್ಳುವ ವಲಸಿಗಳ ಬಗ್ಗೆ. ಸಮೀಕ್ಷೆಯ ಅಂಕಿಗಳಲ್ಲೂ ಹೀಗೇ. ವಲಸೆ ಕಡಿಮೆ ಆಗಬೇಕಾ ಎಂದರೆ ಹೌದು ಎನ್ನುವವರೇ ಜಾಸ್ತಿ. ನರ್ಸುಗಳು? ಡಾಕ್ಟರುಗಳು? ಹಣ್ಣು ಕೀಳುವವರು? ಹೀಗೆ ಒಂದೊಂದೇ ಕೆಲಸ ಹೆಸರಿಸಿ ಕೇಳಿದರೆ ‘ಬರಲಿ ಬಿಡಿ’ ಎನ್ನುತ್ತಾರೆ. ದೇಶಕ್ಕೆ ವಲಸೆ ದೊಡ್ಡ ಸಮಸ್ಯೆ ಎನ್ನುವವರಿಗಿಂತ ತಮ್ಮ ಊರಿಗೆ ಅದು ಸಮಸ್ಯೆ ಎನ್ನುವವರು ಯಾವಾಗಲೂ ಕಡಿಮೆ.

ಊರೂರಿಗೂ ವ್ಯತ್ಯಾಸ ಇದೆ. ಲಿಂಕನ್‌ಶೈರಿನ ಬಾಸ್ಟನ್ ತರಕಾರಿ ಹೊಲಗಳ ಸಣ್ಣ ಪಟ್ಟಣ. ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಪೂರ್ವ ಯುರೋಪಿನಿಂದ ಸಾವಿರಾರು ಜನ ಬಂದರು. 2016ರ ಜನಮತ ಗಣನೆಯಲ್ಲಿ ಅಲ್ಲಿ 75.6% ಮತ ಬ್ರೆಕ್ಸಿಟ್ ಪರ, ಅಂದರೆ ಯುರೋಪಿಯನ್ ಒಕ್ಕೂಟ ಬಿಡುವುದರ ಪರ ಬಿತ್ತು. ಇಡೀ ದೇಶದಲ್ಲೇ ಅದು ಹೆಚ್ಚು. ನಮ್ಮ ಬಸವಣ್ಣನ ಪ್ರತಿಮೆ ನಿಂತಿರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ 78.6% ಮತ ಅದಕ್ಕೆ ವಿರುದ್ಧ. ಲ್ಯಾಂಬೆತ್‌ಗೆ ಎಲ್ಲ ದೇಶದವರೂ ತಲೆಮಾರುಗಳಿಂದ ಬರುತ್ತಿದ್ದಾರೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಎಷ್ಟು ಬೇಗ ಬಂದರು ಎನ್ನುವುದು ಜನರನ್ನು ಹೆಚ್ಚು ಕಲಕುತ್ತದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿದ್ದು ಸುಳ್ಳಾದ ಭರವಸೆ. ನಿವ್ವಳ ವಲಸೆಯನ್ನು (ಬಂದವರ ಸಂಖ್ಯೆಯಲ್ಲಿ ಹೋದವರನ್ನು ಕಳೆದ ಲೆಕ್ಕ) ವರ್ಷಕ್ಕೆ ಒಂದು ಲಕ್ಷದೊಳಗೆ ಇಳಿಸುತ್ತೇವೆ ಎಂದು ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮೆರಾನ್ 2010ರಲ್ಲಿ ಹೇಳಿದರು. ಒಕ್ಕೂಟದಲ್ಲಿರುವ ತನಕ ಅದರ ದೇಶಗಳಿಂದ ಬರುವವರನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ. 2015ರಲ್ಲಿ ನಿವ್ವಳ ವಲಸೆ ಮೂರು ಲಕ್ಷ ದಾಟಿತ್ತು. ಆದರೂ 2015 ಮತ್ತು 2017ರ ಪ್ರಣಾಳಿಕೆಗಳಲ್ಲಿ ಅದೇ ಮಾತು ಮತ್ತೆ ಬಂತು. ಇದು ಜನರಿಗೆ ಗೊತ್ತಾಗುವುದಿಲ್ಲ ಅಂದುಕೊಂಡರಾ?

ಚಿಂತೆಗೆ ಬರೀ ಸಂಖ್ಯೆ ಕಾರಣವಲ್ಲ, ನಂಬಿಕೆಯೂ ಕಾರಣ ಎನ್ನುವುದು ಇನ್ನೊಂದು ಕಡೆಯಿಂದಲೂ ಸ್ಪಷ್ಟವಾಗುತ್ತದೆ. 2016ರ ನಂತರ ಬರುವವರ ಸಂಖ್ಯೆ ಅಂಥಾ ಏನೂ ಇಳಿಯಲಿಲ್ಲ. ಆದರೆ ವಲಸೆಯ ಚಿಂತೆ ಸಮೀಕ್ಷೆಗಳಲ್ಲಿ ಸರ್ರನೆ ಇಳಿಯಿತು. ಇನ್ನು ಮೇಲೆ ನಿರ್ಧಾರ ನಮ್ಮ ಕೈಯಲ್ಲಿ ಎಂಬ ಸಮಾಧಾನ ಅದಕ್ಕೆ ಒಂದು ಮುಖ್ಯ ಕಾರಣ. 2022ರಲ್ಲಿ ಸಣ್ಣ ದೋಣಿಗಳಲ್ಲಿ ಫ್ರಾನ್ಸ್ ಕಡೆಯಿಂದ ಇಂಗ್ಲಿಷ್ ಚಾನೆಲ್ ಸಮುದ್ರ ದಾಟಿ 45,000ಕ್ಕೂ ಹೆಚ್ಚು ಜನ ಬಂದರು. 2023ರ ಹೊತ್ತಿಗೆ ನಿವ್ವಳ ವಲಸೆ ಒಂಬತ್ತು ಲಕ್ಷ ದಾಟಿತು. ಆ ಸಮಾಧಾನ ಒಡೆದುಹೋಯಿತು. 2024ರ ಚುನಾವಣೆಯಲ್ಲಿ, ವಲಸೆ ಇಳಿಸಬೇಕು ಎನ್ನುವ ರಿಫಾರ್ಮ್ ಪಕ್ಷಕ್ಕೆ 14.3% ಮತ ಬಿದ್ದರೂ ಸಿಕ್ಕಿದ್ದು ಐದೇ ಸೀಟು. 12.2% ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ನಮ್ಮ ಓಟಿಗೆ ಬೆಲೆಯೇ ಇಲ್ಲ ಎನ್ನುವವರಿಗೆ ಇದೂ ಒಂದು ಪುರಾವೆಯಾಯಿತು.

ಬರೀ ಬಣ್ಣ ನೋಡಿ ದ್ವೇಷಿಸುವವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. 2024ರ ಆಗಸ್ಟ್‌ನಲ್ಲಿ ರಾದರಮ್‌ನಲ್ಲಿ ಆಶ್ರಯ ಕೋರಿ ಬಂದವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೋದವರಿಗೆ ಯಾವ ಸಮಜಾಯಿಷಿಯೂ ಬೇಡ. ಆ ಗುಂಪನ್ನೂ ರಾಚ್‌ಡೇಲಿನ ಅಜ್ಜಿಯನ್ನೂ ಒಂದೇ ಪಟ್ಟಿಗೆ ಸೇರಿಸುವುದೇ ನನಗೆ ನೋವು ತರುವ ವಿಷಯ.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಸ್ಟೂಡೆಂಟ್ ವೀಸಾ, ವರ್ಕ್ ವೀಸಾ ಮೇಲೆ ಬಂದವರಿಗೂ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಓಟು ಹಾಕುವ ಹಕ್ಕಿದೆ, ಹೆಸರು ನೋಂದಾಯಿಸಬೇಕು. ಯಾವುದಾದರೂ ಪಕ್ಷದ ಪರ ಮನೆಮನೆಗೆ ಹೋಗುವವರೂ ನಿಮ್ಮಲ್ಲಿದ್ದಾರೆ. ಬಾಗಿಲಲ್ಲಿ ಯಾರಾದರೂ ‘ವಲಸೆ ಜಾಸ್ತಿಯಾಯ್ತು’ ಎಂದರೆ ತಕ್ಷಣ ಅಂಕಿ ಅಂಶ ಬಿಚ್ಚಬೇಡಿ. ನಿಮ್ಮ ಬೀದಿಯಲ್ಲಿ ಏನು ಬದಲಾಗಿದೆ ಎಂದು ಕೇಳಿ, ಅವರು ಹೇಳಿ ಮುಗಿಸಲಿ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ ಎಂದರೆ ನಿಮ್ಮ ಹಾಳೆಯಲ್ಲಿ ಹಾಗೇ ಬರೆಯಿರಿ. ‘ವಲಸೆ ವಿರೋಧಿ’ ಎಂಬ ಖಾನೆಗೆ ಟಿಕ್ ಹಾಕಿ ಮುಂದಿನ ಮನೆಗೆ ಹೋಗಬೇಡಿ.